ನಿಂತ ಕಾಲಿಗೊಂದು ಲೆಕ್ಕ

ಶಾಲೆಯವರ ಷರತ್ತು ಒಂದೇ: ಡ್ಯಾನ್ಸ್ ಟೀಚರಾಗಿ ಸೇರುವವರು ಆರನೇ ಕ್ಲಾಸಿನ ಲೆಕ್ಕದ ಪೀರಿಯಡ್ಡನ್ನೂ ತೆಗೆದುಕೊಳ್ಳಬೇಕು. ಹನ್ನೆರಡು ವರ್ಷ ಬಾಡಿಗೆ ಹಾಲಿನಲ್ಲಿ ಊರ ಮಕ್ಕಳನ್ನೆಲ್ಲ ಕುಣಿಸಿ ಮಂಡಿ ಸವೆಸಿಕೊಂಡ ಟೀಚರಿಗೆ ಈ ಕಾಯಂ ಕೆಲಸ ಬೇಕೇ ಬೇಕಿತ್ತು. ಸಂದರ್ಶನ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆಯೇ ಮಗಳು ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಗೆರೆ ಎಳೆದು, ನಡುವೆ ಸೊನ್ನೆ, ಬಲಕ್ಕೆ ಪ್ಲಸ್ಸು, ಎಡಕ್ಕೆ ಮೈನಸ್ಸು ಬರೆದಳು.

“ಮೈನಸ್ ಮೂರರ ಮೇಲೆ ನಿಂತ್ಕೋ ಅಮ್ಮ. ಐದು ಕೂಡಿಸು.”

“ಒಂದು” ಅಂತ ಟೀಚರ್ ನಿಂತಲ್ಲೇ ಕಾಲು ತಟ್ಟಿದಳು. ಆಮೇಲೆ ಎರಡು, ಮೂರು, ನಾಲ್ಕು, ಐದು ಅಂತ ಬಲಕ್ಕೆ ನಾಲ್ಕೇ ನೆಗೆತ ನೆಗೆದು, ಕತ್ತು ಕೊಂಕಿಸಿ, “ಉತ್ತರ ಒಂದು!” ಎಂದಳು.

“ಎರಡಮ್ಮಾ!”

“ಕಾಲು ತಟ್ಟಿದ್ದನ್ನ ಯಾರೇ ಎಣಿಸದೆ ಬಿಡ್ತಾರೆ?”

ಏಳು ಲೆಕ್ಕ ಮಾಡಿದರೂ ಪ್ರತಿ ಸಲ ಒಂದು ನೆಗೆತ ಕಮ್ಮಿ. ಅಮ್ಮನ ತಾಳ ತಪ್ಪಲಿಲ್ಲ, ಮಗಳ ತಾಳ್ಮೆ ತಪ್ಪಿತು. ಸೊಂಟಕ್ಕೆ ಕೈಯಿಟ್ಟು, ಥೇಟ್ ಅಮ್ಮನದೇ ಗಂಟಲು ತೆಗೆದು ಕೂಗಿದಳು: “ಏನ್ರೇ, ಕಂಬಗಳಾ! ನಿಂತಿದ್ದಕ್ಕೆಲ್ಲ ಶಭಾಷ್ ಅನ್ಲಾ? ಜಾಗ ಬಿಟ್ಟು ಕದಲ್ರೇ!”

ಟೀಚರ್ ದಿನಾ ಡ್ಯಾನ್ಸ್ ಮಕ್ಕಳಿಗೆ ಬೈಯುವ ಬೈಗುಳ, ಇವತ್ತು ಅವಳ ತಲೆಗೇ ನಾಟಿತು. ಕದಲಿದರೆ ತಾನೇ ಎಣಿಕೆ!

ಮೂರು ಗಂಟೆಗೆ ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದರು. “ಎರಡಕ್ಕೆ ಮೈನಸ್ ಒಂಬತ್ತು ಕೂಡಿಸಿ. ಮಕ್ಕಳಿಗೆ ತೋರಿಸೋ ಹಾಗೆ ತೋರಿಸಿ.”

ನೆಲಕ್ಕೆ ಚೌಕ ಚೌಕದ ಕಲ್ಲು ಹಾಸಿತ್ತು. ಟೀಚರ್ ಮೇಜಿನೆದುರಿನ ಕಲ್ಲನ್ನು ಸೊನ್ನೆ ಮಾಡಿಕೊಂಡು, ಎರಡರ ಮೇಲೆ ಉಸಿರು ಬಿಗಿಹಿಡಿದು ನಿಂತಳು. ಕಾಲು ತಟ್ಟಲಿಲ್ಲ. ಆಮೇಲೆ ಎಡಕ್ಕೆ ನೆಗೆಯತೊಡಗಿದಳು. ಆರನೇ ನೆಗೆತಕ್ಕೆ ಬಾಗಿಲು ಅಡ್ಡ ಬಂತು. ಇನ್ನೂ ಮೂರು ಬಾಕಿ! ಬಾಗಿಲು ತಳ್ಳಿ ಹೊರಗೆ ನೆಗೆದಳು. ಮೈನಸ್ ಆರರ ಮೇಲೆ ಹೆಡ್ ಕ್ಲರ್ಕ್ ನಿಂತಿದ್ದರು.

“ಸ್ವಲ್ಪ ಜರುಗಿ ಸಾರ್, ನೀವು ಲೆಕ್ಕದಲ್ಲಿದ್ದೀರಿ!”

ಅವರು ಫೈಲು ಎದೆಗವಚಿಕೊಂಡು ಗೋಡೆಗಂಟಿದರು. ಎರಡು ನೆಗೆತ ಮುಗಿಸಿ ಕಾರಿಡಾರಿನಿಂದಲೇ ಟೀಚರ್ ಕೂಗಿದಳು: “ಮೈನಸ್ ಏಳು, ಮೇಡಂ!”

ಒಳಗಿನಿಂದ ಹೆಡ್‌ಮಿಸ್ ದನಿ ಬಂತು: “ಸರಿಯಾಗಿದೆ, ಒಳಗೆ ಬನ್ನಿ. ಸೋಮವಾರದಿಂದ ಕ್ಲಾಸು ಮೈದಾನದಲ್ಲೇ ತಗೊಳ್ಳಿ. ನಿಮ್ಮ ಮೈನಸ್ಸಿಗೆ ನಮ್ಮ ಕಟ್ಟಡ ಸಾಲಲ್ಲ.”