ಮೈ ಕೊಡವುವ ತನಕ

ಮುಟ್ಟಿಸಬಾರದು, ಒಂದು ಬೆರಳಿನಷ್ಟು ಮೇಲೆ ಹಿಡಿಯಬೇಕು, ಮಗಳು ಭಕ್ತಿಯ ಮೊಣಕಾಲ ಕೆಳಗಿನ ಹೊಲಿಗೆ ಗುರುತಿಗೆ ನೇರವಾಗಿ, ಹದಿನೈದು ನಿಮಿಷ — ಅಯಸ್ಕಾಂತ ಹಿಡಿಯುವುದನ್ನು ಪಾಂಡುರಂಗನಿಗೆ ಯಾರೂ ಕಲಿಸಬೇಕಿಲ್ಲ, ಪ್ರಯೋಗಶಾಲೆಯ ಆಡಿಗೆ ಮೂರು ತಿಂಗಳು ಹಿಡಿದ ಕೈ ಅದು, ಅಪ್ಪಾ ಒಳಗ ಏನೋ ಹರದಾಡ್ತದ, ಹರದಾಡ್ಲಿ ಮಗಳ, ಹರದಾಡಿದ್ರೇ ಎಲುಬು ಬೆಳೀತದ, ಪ್ರಯೋಗ ನಡೆಸುವ ಸಾನಿಕಾ ಡಾಕ್ಟರು ಹೇಳಿದ್ದೂ ಅದನ್ನೇ, ಎಲುಬು ಕೂಡದ ಸಂದಿಯಲ್ಲಿ ಲೋಳೆ ತುಂಬೇವಿ, ಅದರಾಗ ಕಣ್ಣಿಗಿ ಕಾಣದ ಕಬ್ಬಿಣದ ಕಣ, ಕಣಕ್ಕ ಅಂಟಿಸಿದ್ದು ಎಲುಬು ಬೆಳೆಸೋ ಮದ್ದು, ಅಯಸ್ಕಾಂತ ಕರದಾಗಷ್ಟೇ ಅದು ಬಿಡ್ತದ — ಕರೆಯುವುದು, ಆ ಮಾತೇ ಅವನಿಗೆ ಹಿಡಿಸಲಿಲ್ಲ, ಔರಾದ ಸಂತೆಯಿಂದ ತಂದ ಆ ಕಪ್ಪು ಆಡು ಕರೆಯುವ ಮೊದಲೇ ತಯಾರಿರುತ್ತಿತ್ತು, ಅವನು ಅಯಸ್ಕಾಂತಕ್ಕೆಂದು ಕಪಾಟಿಗೆ ಕೈ ಹಾಕುವಷ್ಟರಲ್ಲಿ ಗೋಡೆಯಾಚೆ ಕಾಲೆತ್ತಿ ನಿಂತಿರುತ್ತಿತ್ತು, ಅದಕ್ಕೆ ಯಾರು ಹೇಳುತ್ತಿದ್ದರು. ಆಡಿನ ಎಲುಬು ಕೂಡಿತು, ಎಕ್ಸ್‌ರೇ ಫೋಟೋದಲ್ಲಿ ಬೆಳ್ಳಗೆ ಕಂಡಿತು, ಪಾಂಡುರಂಗ ಕುಣಿಯುವುದೊಂದೇ ಬಾಕಿ, ಯಾಕೆಂದರೆ ಭಾಲ್ಕಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಗುದ್ದಿ ಮುರಿದ ಮಗಳ ಕಾಲು ಮೂರು ಆಪರೇಷನ್ನಿಗೂ ಕೂಡಿರಲಿಲ್ಲ, ಕತ್ತರಿಸುವುದೊಂದೇ ದಾರಿ ಎಂದಿದ್ದರು, ಆಡಿಗೆ ಕೂಡಿದರೆ ಮುಂದೆ ಮನುಷ್ಯರ ಸರದಿ, ಮೊದಲ ಪಟ್ಟಿಯಲ್ಲೇ ಭಕ್ತಿ. ಆದರೆ ಎಲುಬನ್ನು ತೆಗೆದು ನೋಡಬೇಕಿತ್ತು, ಅಂದರೆ ಆಡು ಸಾಯಬೇಕಿತ್ತು, ಪಾಂಡುರಂಗ ಗಟ್ಟಿ ಹಿಡೀರಿ, ಸೂಜಿ ತುಂಬ್ತೇನಿ, ಅವನು ಹಿಡಿದ, ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಅವನು ಒಡ್ಡಿದ ಸೊಪ್ಪನ್ನು ಅದು ಮೂಸಲೂ ಇಲ್ಲ, ಅವನ ಮುಖವನ್ನೇ ನೋಡಿತು. ಅವನ ಮನೆತನದಲ್ಲಿ ನೀರು ಚಿಮುಕಿಸದೆ ಆಡಿನ ಜೀವ ತೆಗೆಯುವುದಿಲ್ಲ, ನೀರು ಬಿದ್ದ ಆಡು ಮೈ ಕೊಡವಿದರೆ ಸಾವಿಗೆ ಒಪ್ಪಿದಂತೆ, ಕೊಡವುವ ತನಕ ಕಾಯಬೇಕು — ಡಾಕ್ಟರಬಾಯಿ ಒಂದ್ ನಿಮಿಷ ತಡೀರಿ, ಬಾಟಲಿಯ ನೀರು ಚಿಮುಕಿಸಿದ, ಕೊಡವಲಿಲ್ಲ, ಮತ್ತೆ ಚಿಮುಕಿಸಿದ, ಕಲ್ಲಿನ ಹಾಗೆ ನಿಂತಿತು, ಎಷ್ಟೊತ್ತ್ರಿ ಪಾಂಡುರಂಗ, ಆಗ ಅವನು ಕಳ್ಳತನ ಮಾಡಿದ, ಕಿಸೆಯ ಅಯಸ್ಕಾಂತವನ್ನು ಮೆಲ್ಲಗೆ ಆ ಕಾಲಿನ ಹತ್ತಿರ ತಂದ, ಆಡು ಮೂತಿಯಿಂದ ಬಾಲದ ತನಕ ಮೈ ಕೊಡವಿತು, ಒಪ್ಯದರಿ, ಚುಚ್ಚರಿ. ಒಪ್ಪಿದ್ದು ಆಡೋ, ಒಳಗಿನ ಕಬ್ಬಿಣವೋ, ಎರಡು ವರ್ಷದಿಂದ ಆ ನಾಚಿಕೆ ಅವನನ್ನು ಬಿಟ್ಟಿಲ್ಲ, ಮಗಳ ಕಾಲಿಗಾಗಿ ಮತ್ತೆ ಬೇಕಾದರೂ ಅದನ್ನೇ ಮಾಡುತ್ತಿದ್ದ, ಅದೂ ಸುಳ್ಳಲ್ಲ.

ಭಕ್ತಿಯ ಕಾಲಿಗೆ ಇನ್ನು ಐದು ನಿಮಿಷ, ಮೈಲೂರಿನ ಈ ಓಣಿಯಲ್ಲಿ ಬೆಳಗಿನ ಹೊತ್ತು ಎಷ್ಟು ಸದ್ದು, ತರಕಾರಿ ಗಾಡಿ, ಸಾಲಿ ಮಕ್ಕಳು, ಬೆನ್ನ ಹಿಂದೆ ಬಳೆ — ಅತ್ತೆ ಗಂಗುಬಾಯಿ, ಮಂಗಳವಾರ, ದೇವಿಯ ಗುಡಿಯಿಂದ ತೀರ್ಥದ ತಂಬಿಗೆ ಹಿಡಿದು ಬಂದಿದ್ದಾಳೆ, ಕೂಸಿನ ಕಾಲಿಗಿ ಎರಡ ಹನಿ ಹಾಕ್ತೇನಿ, ಬ್ಯಾಡ ಅತ್ತಿ, ಯಾಕ ಬ್ಯಾಡ, ಅತ್ತಿ ಬ್ಯಾಡ ಅಂದೆ — ಹನಿಗಳು ಬಿದ್ದವು, ಭಕ್ತಿ ನಕ್ಕಳು, ಪಾಂಡುರಂಗ ಅಯಸ್ಕಾಂತವನ್ನು ಹಿಂದಕ್ಕೆಳೆದ, ಅದೊಂದೇ ಬರಲಿಲ್ಲ, ಕಾಲೂ ಅದರ ಹಿಂದೆ ಮೇಲೆದ್ದಿತು, ಅಪ್ಪಾ ನಾ ಎತ್ತಿಲ್ಲ, ಸುಮ್ಮನಿರು ಮಗಳ, ಅಲುಗಾಡಬ್ಯಾಡ, ನಿನ್ನ ಕಾಲು ಬೀಳ್ತೇನಿ ಅಲುಗಾಡಬ್ಯಾಡ, ಮತ್ತು ಭಕ್ತಿ, ನಗುತ್ತಿದ್ದವಳು, ತಲೆಯಿಂದ ಪಾದದ ತನಕ ಮೈ ಕೊಡವಿದಳು