ಆರೋಗ್ಯವಂತರ ಸಾಲಿನ ಟ್ಯೂಬು

ನಾನು ರಕ್ತ ಪರೀಕ್ಷಿಸುವ ಒಂದು ಯಂತ್ರ. ಹುಟ್ಟಿದ್ದು ಧೂಳಿಲ್ಲದ ಕೋಣೆಯಲ್ಲಿ. ನನ್ನನ್ನು ಜೋಡಿಸಿದವರೆಲ್ಲ ಮುಖ ಮುಚ್ಚಿಕೊಂಡಿದ್ದರು. ಅವರ ಕಣ್ಣುಗಳ ಹೊರತು ಬೇರೇನೂ ನನಗೆ ಕಾಣಲಿಲ್ಲ. ಕಲಿಸಿದ್ದು ಒಂದೇ ಕೆಲಸ. ಹೃದಯದ ಸ್ನಾಯುವಿನೊಳಗೆ ಟ್ರೊಪೋನಿನ್ ಎಂಬ ಪ್ರೋಟೀನ್ ಇರುತ್ತದೆ. ಸ್ನಾಯು ಸಾಯತೊಡಗಿದಾಗ ಅದು ರಕ್ತಕ್ಕೆ ಸೋರುತ್ತದೆ. ಎಷ್ಟು ಸೋರಿದೆ ಎಂದು ನಾನು ಹೇಳಬೇಕು.

ಮರದ ಪೆಟ್ಟಿಗೆಯಲ್ಲಿ ಕೊಪ್ಪಳದ ಆಸ್ಪತ್ರೆಯೊಂದಕ್ಕೆ ಬಂದೆ. ಕೊಳ್ಳುವ ಮೊದಲು ಅವರು ನನ್ನನ್ನೇ ಪರೀಕ್ಷಿಸಿದರು. ಹಳೆಯ ಯಂತ್ರದ ಪಕ್ಕ ಕೂರಿಸಿ, ಒಂದೇ ರಕ್ತವನ್ನು ಇಬ್ಬರಿಗೂ ಕೊಟ್ಟು, ಉತ್ತರ ಹೋಲಿಸಿದರು. ಇದಕ್ಕೆ ಆರೋಗ್ಯವಂತರ ರಕ್ತವೂ ಬೇಕು. ಅಲ್ಲಿಯ ರೂಢಿಯಂತೆ ಲ್ಯಾಬಿನವರೇ ಅಂಗಿಯ ತೋಳು ಏರಿಸಿದರು. ಅವರು ಆರೋಗ್ಯವಂತರೇ ಎಂದು ಯಾರೂ ಕೇಳಲಿಲ್ಲ. ನಿಂತು ಕೆಲಸ ಮಾಡುತ್ತಿದ್ದರೆ ಸಾಕು.

ಮೊದಲು ಕೈ ಚಾಚಿದವರು ಹಿರಿಯ ಟೆಕ್ನಿಷಿಯನ್ ಗವಿಸಿದ್ದಪ್ಪ. ಕೆಳಗಿನಿಂದ ನನಗೆ ಅವರ ಗದ್ದ, ಮೂಗಿನ ಹೊಳ್ಳೆ, ಬೆರಳುಗಳಷ್ಟೇ ಕಾಣುತ್ತಿದ್ದವು. ಅವರ ರಕ್ತದಲ್ಲಿ ಹಳೆಯ ಯಂತ್ರಕ್ಕೆ ಏನೂ ಸಿಗಲಿಲ್ಲ. ನನಗೆ ಸಿಕ್ಕಿತು. ಮುಚ್ಚಿದ ಬಾಗಿಲ ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುತ್ತಿದ್ದಂತಿತ್ತು.

"ಕಾಕಾ, ಆರೋಗ್ಯವಂತರ ಸಾಲಿನ್ಯಾಗ ನಿಮ್ದೊಂದ ಕೆಂಪ ಬಂದೈತಿ," ಎಂದಳು ಜೊತೆಯ ಟೆಕ್ನಿಷಿಯನ್ ರಜಿಯಾ.

"ಇನ್ನೊಮ್ಮೆ ಹಾಕವಾ."

ಮತ್ತೆ ಅದೇ ಅಂಕಿ ಬಂತು. ಲ್ಯಾಬಿನ ಮುಖ್ಯಸ್ಥೆ ಡಾ. ಇನಾಮದಾರ ಬಗ್ಗಿ ನೋಡಿದರು.

"ಗವಿಸಿದ್ದಪ್ಪ, ಮನ್ಯಾಗ ಆಡು ಕಟ್ಟೀರಲ್ಲ?"

"ಅದಾವ್ರಿ ಮೇಡಂ, ಒಂದ್ ಹಿಂಡ."

"ಹಂಗಾರ ಅದ ಇರ್ಬೇಕು."

ಪ್ರಾಣಿಗಳ ಒಡನಾಟದವರ ರಕ್ತದಲ್ಲಿ ಕೆಲವೊಮ್ಮೆ ಒಂದು ಬಗೆಯ ಪ್ರತಿಕಾಯ ಬೆಳೆದು ನನ್ನಂಥವರನ್ನು ಮೋಸಗೊಳಿಸುತ್ತದೆ. ನನ್ನ ರಾಸಾಯನಿಕದಲ್ಲಿ ಆಡಿನಿಂದ ಪಡೆದ ಅಂಶವಿದೆ. ಮೇಡಂ ಓದಿದ್ದು ನಿಜವೇ. ಓದಿದವರಿಗೆ ಮಾತ್ರ ಹೊಳೆಯುವ ತಪ್ಪು ಅದು.

"ನಿಮ್ಮ ಆಡು ಮಷಿನ್ನೂ ಮೇಯ್ದಾವ್ ನೋಡ್ರಿ ಕಾಕಾ!" ರಜಿಯಾ ನಕ್ಕಳು.

"ಆದ್ರೂ ಈ ರಕ್ತದ ಸೀರಮ್ಮಿಗೆ ಅಷ್ಟ ಅಳತಿ ದ್ರಾವಣ ಬೆರೆಸಿ, ತಿಳಿ ಮಾಡಿ ಹಾಕ್ರಿ," ಎಂದರು ಮೇಡಂ. "ಅಂಕಿ ಸರಿಯಾಗಿ ಅರ್ಧಕ್ಕಿಳಿದ್ರ ಖರೇ, ಇಲ್ಲಾಂದ್ರ ಆಡಿನ ಆಟ. ಒಂದ್ ಇಸಿಜಿನೂ ತಗಸ್ರಿ."

"ಸೋಮವಾರ ಮಾಡಿದ್ರಾತು ಬಿಡ್ರಿ. ಇವತ್ತ ಕಂಪನಿಯವ್ರಿಗೆ ರಿಪೋರ್ಟ್ ಕೊಡಬೇಕಲ್ಲ," ಎಂದರು ಗವಿಸಿದ್ದಪ್ಪ.

ಗುಂಡಿ ಒತ್ತಿ ತಮ್ಮ ಅಂಕಿಯನ್ನು ತಾವೇ ಅಳಿಸಿದರು. ಬೆರಳು ತಣ್ಣಗಿತ್ತು, ಬೆವರಿತ್ತು. ಅದನ್ನು ಹೇಳುವ ಅಂಕಿ ನನ್ನಲ್ಲಿರಲಿಲ್ಲ.

ಸೋಮವಾರ ನನ್ನನ್ನು ಚಾಲೂ ಮಾಡಿದ್ದು ಬೇರೆ ಬೆರಳು. ಹಿಂದಿನ ದಿನ ಆಡುಗಳಿಗೆ ಸೊಪ್ಪು ಕಡಿಯುತ್ತಿದ್ದಾಗ ಗವಿಸಿದ್ದಪ್ಪ ಕುಸಿದಿದ್ದರು. ಆಸ್ಪತ್ರೆಗೆ ತರುವ ಅಗತ್ಯ ಬೀಳಲಿಲ್ಲ.

ಉಳಿದಿದ್ದ ಗವಿಸಿದ್ದಪ್ಪನವರ ಸೀರಮ್ ತೆಗೆದು ಮೇಡಂ ತಾವೇ ತಿಳಿ ಮಾಡಿ ಹಾಕಿದರು. ಅಂಕಿ ಅರ್ಧಕ್ಕಿಳಿಯಿತು. ಇನ್ನೊಮ್ಮೆ ತಿಳಿ ಮಾಡಿದರು. ಅದರ ಅರ್ಧವಾಯಿತು.

"ಖರೇ ಇತ್ತು," ಎಂದರು. ರಜಿಯಾ ಗೋಡೆಯ ಕಡೆ ತಿರುಗಿ ನಿಂತಳು.

ನನ್ನನ್ನು ಕೊಂಡರು. ಉಳಿದ ಸೀರಮ್ಮನ್ನು ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿ ಮಂಜುಗಟ್ಟಿಸಿಟ್ಟರು. ರಾಸಾಯನಿಕದ ಹೊಸ ಪೆಟ್ಟಿಗೆ ಒಡೆದಾಗಲೆಲ್ಲ, ನಾನು ಸರಿಯಿದ್ದೇನೆಯೇ ಎಂದು ನೋಡಲು, ಅದರಲ್ಲೊಂದು ಪಾಲು ಕರಗಿಸಿ ನನಗೆ ಕೊಡುತ್ತಿದ್ದರು. ಗವಿಸಿದ್ದಪ್ಪನವರನ್ನು ಮಣ್ಣು ಮಾಡಿ ವರ್ಷಗಳಾಗಿದ್ದವು. ನನ್ನೊಳಗೆ ಅವರ ಹೃದಯ ಇನ್ನೂ ಸೋರುತ್ತಿತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳಗಿನಿಂದ ಅದೇ ತಟ್ಟುವಿಕೆ.

"ಕಾಕಾಂದು ಸರಿ ಬಂತು. ಪೇಷಂಟ್ದು ಹಾಕ್ರಿ," ಎನ್ನುತ್ತಿದ್ದಳು ರಜಿಯಾ. ಆಮೇಲಷ್ಟೇ ಬದುಕಿರುವವರ ಸರದಿ.

ಈಗ ನಾನು ಮೆಟ್ಟಿಲ ಕೆಳಗೆ, ಕಾಲು ಮುರಿದ ಸ್ಟ್ರೆಚರಿನ ಪಕ್ಕ ಇದ್ದೇನೆ. ನನ್ನ ಜಾಗಕ್ಕೆ ಇನ್ನೊಂದು ಬಂದಿದೆ. ಮೊನ್ನೆ ರಜಿಯಾ ಏನೋ ತೆಗೆದುಕೊಳ್ಳಲು ಬಂದವಳು ಫೋನಿನಲ್ಲಿ ಹೇಳುತ್ತಿದ್ದಳು: "ಮೇಡಂ, ಹೊಸಾದು ಕಾಕಾಂದು ಕಡಿಮಿ ತೋರ್ಸಾಕತ್ತೈತ್ರಿ. ವಾಪಸ್ ಕಳಿಸೂಣೇನ್ರಿ?"

ಅವರು ಬದುಕಿದ್ದಾಗ ಆ ಅಂಕಿ ಹೇಳಿ ನಾನು ಸುಳ್ಳನಾಗಿದ್ದೆ. ಈಗ ಅದನ್ನು ಹೇಳದ ಯಂತ್ರ ಸುಳ್ಳು.