ಅಮ್ಮೀ ಹೂಳಿಸಿದ ವ್ಯಾಕರಣ

ಯಸಳೂರಿನ ಮದರಸಾದಲ್ಲಿ ಅರಬ್ಬಿ ಕಲಿಸುವ ಮುನೀರ್ ಬೆಳಗಿನಿಂದ ಮನೆಯ ಮೂಲೆಮೂಲೆ ಜಾಲಾಡುತ್ತಿದ್ದ. ಹುಡುಕುತ್ತಿದ್ದುದು ಹೀಬ್ರೂ ವ್ಯಾಕರಣದ ಒಂದು ಹರಕು ಪುಸ್ತಕ. ಅದನ್ನು ತೊಂಬತ್ತೆಂಟರ ಬೇಸಿಗೆಯಲ್ಲಿ ಊರು ಬಿಟ್ಟ ಪಾದ್ರಿಯೊಬ್ಬರು ಕೊಟ್ಟುಹೋಗಿದ್ದರು. ಅರಬ್ಬಿಯ ಒಡಹುಟ್ಟಿನಂತಿದ್ದ ಆ ಭಾಷೆ ಅವನಿಗೆ ಹುಚ್ಚು ಹಿಡಿಸಿತ್ತು. ಮೊದಮೊದಲು ಅದನ್ನು ಹೆಚ್ಚುಕಡಿಮೆ ಬರೀ ವ್ಯಂಜನಗಳಲ್ಲೇ ಬರೆಯುತ್ತಿದ್ದರಂತೆ. ಆಡುಮಾತು ಬತ್ತಿದ ಎಷ್ಟೋ ಕಾಲದ ಮೇಲೆ, ಓದುವ ಬಗೆಯೇ ಮರೆತುಹೋದೀತೆಂದು ಹೆದರಿದ ಪಂಡಿತರು ಅಕ್ಷರಗಳಿಗೆ ಸ್ವರದ ಚುಕ್ಕೆ ಇಟ್ಟರಂತೆ. ಅದೇ ಅಧ್ಯಾಯಕ್ಕೆ ಬಂದು ನಿಂತಿದ್ದಾಗ ಪುಸ್ತಕ ಮಾಯ.

"ಅಮ್ಮೀ, ನನ್ನ ಪುಸ್ತಕ ಎಲ್ಲೋಯ್ತು?"

ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದ ಮೆಹಬೂಬ್ ಬೀ ತಲೆ ಎತ್ತಲಿಲ್ಲ. "ಆ ಹರಕು ಪುಸ್ತಕಾನಾ? ಕುರಾನ್ ಥರಾನೇ ಬಲದಿಂದ ಎಡಕ್ಕೆ ಬರ್ದೈತೆ, ಚುಕ್ಕೆ ಬೇರೆ ಐತೆ. ಯಾರ ಕಾಲಿಗೂ ಸಿಗಬಾರ್ದು ಅಂತ ಹಳೇ ಕುರಾನ್ ಹಾಳೆಗಳ ಜೊತೆ ಬಿಳೀ ಬಟ್ಟೇಲಿ ಸುತ್ತಿ ಖಬರ್‌ಸ್ತಾನದ ಮೂಲೇಲಿ ಹೂಳಿಸ್ಬುಟ್ಟೆ."

ಮುನೀರನ ಕೋಪ ನೆತ್ತಿಗೇರಿತು. ಗುದ್ದಲಿ ಎತ್ತಿಕೊಂಡು ಹೊರಟ. "ಅದು ಕುರಾನ್ ಅಲ್ಲ, ಬರೀ ವ್ಯಾಕರಣ!"

"ತಡಿ ಕಣೋ. ಅದ್ರಲ್ಲಿ ದೇವ್ರ ಮಾತು ಒಂದೂ ಇಲ್ಲ ಅಂತ ಹೇಳು. ಆಮೇಲೆ ಹೋಗಿ ಅಗಿ, ನಾನೇನೂ ಅನ್ನಲ್ಲ."

ಇಲ್ಲ ಎನ್ನಲು ಬಾಯಿ ತೆರೆದ. ಧರ್ಮಗ್ರಂಥದಿಂದ ಆಯ್ದ ಪುಸ್ತಕದ ಉದಾಹರಣೆಗಳು ಒಂದೊಂದಾಗಿ ನೆನಪಾದವು: ಆಕಾಶ ಭೂಮಿಗಳ ಸೃಷ್ಟಿ, ಪ್ರವಾದಿ ಮೂಸಾ ನಬಿ ದಾಟಿದ ಸಮುದ್ರ, ದಾವೂದ್ ನಬಿಯ ಪ್ರಾರ್ಥನೆ. ಒಂದು ಕ್ರಿಯಾಪದ ಕಲಿಸಲಿಕ್ಕೂ ಆ ಪುಸ್ತಕಕ್ಕೆ ದೇವರೇ ಬೇಕಾಗಿತ್ತು.

ಅಂಗಳದಲ್ಲಿ ಎರಡು ಸುತ್ತು ಹಾಕಿದ. ಗೇಟಿನವರೆಗೆ ಹೋಗಿ ಮರಳಿ ಬಂದ. ಕೊನೆಗೆ ಗುದ್ದಲಿಯನ್ನು ಗೋಡೆಗೆ ಒರಗಿಸಿ ಕೇಳಿದ.

"ಹಂದಿ ಕೆದರದಂಗೆ ಆಳವಾಗಿ ಹೂಳ್ಸಿದ್ಯಾ, ಅಮ್ಮೀ?"